ಗ್ಯಾಸ್ ಬಾಯ್ಲರಿನ ಚಿಮಣಿ ಅತಿಯಾಗಿ ಎಳೆಯುತ್ತಿದೆ, ಕೈಡ್ಯಾಂಪರ್ (ಕೈಯಿಂದ ತಿರುಗಿಸಿ ಹೊಗೆಯ ದಾರಿ ಕಿರಿದು ಮಾಡುವ ತಟ್ಟೆ) ಹಾಕಿ ಅರ್ಧ ಮುಚ್ಚಬಹುದೇ?

ದಯವಿಟ್ಟು ಮುಚ್ಚಬೇಡಿ. ಹೊತ್ತಿಸುವಾಗ ಚಿಮಣಿ ತಣ್ಣಗಿರುತ್ತದೆ, ಎಳೆತ ಕಡಿಮೆ. ಆಗ ಅರ್ಧ ಮುಚ್ಚಿದ ಡ್ಯಾಂಪರ್ ಹೊಗೆಯನ್ನು ಬಾಯ್ಲರ್ ಕೋಣೆಗೇ ತಿರುಗಿಸುತ್ತದೆ. ಅದರಲ್ಲಿರಬಹುದಾದ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ವಸಂತನರಸಾಪುರದ ನಿಮ್ಮ ಘಟಕದಲ್ಲಿ ಸೌದೆ ಬಾಯ್ಲರಿಗೆ ಕಟ್ಟಿದ್ದ 30 ಮೀಟರ್ ಚಿಮಣಿಗೇ ಗ್ಯಾಸ್ ಬಾಯ್ಲರ್ ಜೋಡಿಸಿದ್ದೀರಿ ಎಂದಿದ್ದೀರಿ. ತೊಂದರೆಯ ಬೇರು ಅಲ್ಲೇ ಇದೆ. ತುಮಕೂರಿನ ಎತ್ತರದಲ್ಲಿ, ಹೊಗೆ 180 ಡಿಗ್ರಿ, ಹೊರಗಾಳಿ 25 ಡಿಗ್ರಿ ಇದ್ದರೆ ಲೆಕ್ಕದ ಪ್ರಕಾರ ಸುಮಾರು 11 ಮಿ.ಮೀ. ಎತ್ತರದ ನೀರಿನ ಒತ್ತಡದಷ್ಟು ಎಳೆತ ಹುಟ್ಟುತ್ತದೆ. ಚಳಿಗಾಲದ ಬೆಳಿಗ್ಗೆ 15 ಡಿಗ್ರಿಗೆ ಇಳಿದರೆ ಅದು 12 ಆಗುತ್ತದೆ. ಕೊಳವೆಯ ಘರ್ಷಣೆಯಲ್ಲಿ ಒಂದಿಷ್ಟು ಕಳೆಯುತ್ತದೆ, ನಿಜ. ಆದರೆ ಇಂಥ ಬಾಯ್ಲರುಗಳ ಹೊರಬಾಯಿಗೆ ಸಾಮಾನ್ಯವಾಗಿ ಬೇಕಿರುವುದು ಅರ್ಧದಿಂದ ಒಂದು ಮಿ.ಮೀ. ಅಷ್ಟೇ (ನಿಮ್ಮ ಬರ್ನರಿನ ಕೈಪಿಡಿಯ ಅಂಕಿಯೇ ಅಂತಿಮ). ಉಳಿದ ಎಳೆತ ಬೇಡದ ಗಾಳಿಯನ್ನು ಒಳಗೆಳೆದು, ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಜ್ವಾಲೆ ಬರ್ನರ್ ಬಿಟ್ಟು ಮೇಲೇಳುವುದೂ ಇದರಿಂದಲೇ.

ಮೊದಲು ಅಳೆಯಿರಿ. ಬಾಯ್ಲರಿಗೂ ಮುಂದೆ ಹೇಳುವ ಡ್ಯಾಂಪರ್ ಕೂರುವ ಜಾಗಕ್ಕೂ ನಡುವೆ ಹೊಗೆಕೊಳವೆಗೆ 8 ಮಿ.ಮೀ. ತೂತು ಕೊರೆದು ಡಿಜಿಟಲ್ ಮ್ಯಾನೋಮೀಟರ್ (ಒತ್ತಡ ಅಳೆಯುವ ಉಪಕರಣ) ಹಚ್ಚಿ. ತಣ್ಣಗಿದ್ದಾಗ ಒಮ್ಮೆ, ಪೂರ್ಣ ಉರಿಯಲ್ಲಿ 20 ನಿಮಿಷ ಓಡಿದ ಮೇಲೆ ಮತ್ತೊಮ್ಮೆ ಬರೆದುಕೊಳ್ಳಿ.

ನಾನಾದರೆ ಹೊಗೆಕೊಳವೆಯ ಟೀ (T ಆಕಾರದ) ಜೋಡಣೆಯಲ್ಲಿ ಬ್ಯಾರೋಮೆಟ್ರಿಕ್ ಡ್ಯಾಂಪರ್ ಹಾಕಿಸುತ್ತೇನೆ, ಅಂದರೆ ಎಳೆತ ಹೆಚ್ಚಾದಾಗ ತಾನೇ ತೆರೆದು ಕೋಣೆಯ ಗಾಳಿ ಬಿಡುವ ತೂಗುಬಾಗಿಲು. ಗ್ಯಾಸಿಗೆ ಎರಡೂ ಕಡೆ ತೂಗುವ ಬಗೆಯದೇ ಬೇಕು. ಎಣ್ಣೆ ಬಾಯ್ಲರಿನ ಒಮ್ಮುಖದ್ದು ನಡೆಯುವುದಿಲ್ಲ. ಅಳತೆ ಕೊಳವೆಯ ವ್ಯಾಸಕ್ಕಿಂತ ಕಡಿಮೆ ಇರಬಾರದು. ಇಷ್ಟು ಎತ್ತರದ ಚಿಮಣಿಗೆ ಒಂದು ಸಾಲದೆ ಎರಡು ಬೇಕಾಗಬಹುದು. ತಿರುಗುಕೀಲು ರಸಮಟ್ಟಕ್ಕೆ ಸರಿಯಾಗಿರಲಿ, ಓರೆಯಾದರೆ ಬಾಗಿಲು ಸಿಕ್ಕಿಕೊಳ್ಳುತ್ತದೆ. ಬಾಯ್ಲರ್ ಇರುವ ಕೋಣೆಯಲ್ಲೇ ಕೂರಿಸಿ. ಅಲ್ಲಿ ಎಕ್ಸಾಸ್ಟ್ ಫ್ಯಾನ್ ಇದ್ದರೆ ತೆಗೆಯಿರಿ. ಹೊಗೆ ಹಿಂದಕ್ಕೆ ಬಂದರೆ ಗ್ಯಾಸ್ ವಾಲ್ವ್ ಮುಚ್ಚುವಂತೆ ಡ್ಯಾಂಪರಿನ ಮೇಲೆ ಶಾಖದ ಸ್ವಿಚ್ ಕಡ್ಡಾಯ.

ಈ ಡ್ಯಾಂಪರ್ ಕೋಣೆಯ ಗಾಳಿ ಬೆರೆಸಿ ಹೊಗೆಯನ್ನು ತಣಿಸುತ್ತದೆ. ಇಟ್ಟಿಗೆ ಚಿಮಣಿಯಾದರೆ ಹೊಗೆಯ ಆವಿ ತಣಿದು ಒಳಗೆ ನೀರಾಗಿ ಇಳಿಯುತ್ತಿದೆಯೇ ಎಂದು ಬುಡದ ಬಾಗಿಲಿನಲ್ಲಿ ನೋಡುತ್ತಿರಿ. ಇಳಿದರೆ ಸ್ಟೇನ್‌ಲೆಸ್ ಸ್ಟೀಲಿನ ಒಳಕೊಳವೆ ಇಳಿಸಬೇಕು. ಕಂಡೆನ್ಸಿಂಗ್ ಬಾಯ್ಲರಿಗೆ (ಹೊಗೆಯ ಆವಿಯನ್ನೂ ನೀರಾಗಿಸಿ ಶಾಖ ಹೀರುವ ಬಗೆ) ಮಾತ್ರ ಈ ಡ್ಯಾಂಪರನ್ನು ಹಾಕಲೇಬೇಡಿ. ಅದರ ಕೊಳವೆಯಲ್ಲಿ ಒತ್ತಡವಿರುತ್ತದೆ, ಹೊಗೆ ಡ್ಯಾಂಪರಿನ ಮೂಲಕ ಕೋಣೆಗೆ ಬರುತ್ತದೆ.

ಎಳೆತ ಹದಕ್ಕೆ ಬಂದ ಮೇಲೆ ಬರ್ನರನ್ನು ಮತ್ತೆ ಹೊಂದಿಸಲೇಬೇಕು, ಏಕೆಂದರೆ ಹಳೆಯ ಹೊಂದಾಣಿಕೆ ಹೆಚ್ಚಿನ ಗಾಳಿಗೆ ಮಾಡಿದ್ದು. ಸಣ್ಣ ಉರಿ, ದೊಡ್ಡ ಉರಿ ಎರಡರಲ್ಲೂ ಹೊಗೆ ಪರೀಕ್ಷಿಸಿ. ಫ್ಯಾನ್ ಇರುವ ಬರ್ನರಾದರೆ ದೊಡ್ಡ ಉರಿಯಲ್ಲಿ ಆಮ್ಲಜನಕ ಶೇ. 3ರಿಂದ 4ರ ಆಸುಪಾಸಿನಲ್ಲಿರಲಿ.