ಖರ್ಚಾದ ಮೇಲೆ ಕೇಳಿ ಏನು ಪ್ರಯೋಜನ?

ನಮಸ್ಕಾರ ಮೇಡಂ,

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಪೂರ್ತಿ ಅಚ್ಚು ಮಾಡೋಕೆ ಜಾಗ ಸಾಲದು. ಉಳಿದ ಓದುಗರಿಗೆ ತಿಳಿಯಲಿ ಅಂತ ತಿರುಳನ್ನಷ್ಟೇ ಇಲ್ಲಿ ಹೇಳುತ್ತೇನೆ.

ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದವರು ನೀವು. ನಮ್ಮ ಬಜೆಟ್ ವಿಶೇಷಾಂಕ ಓದಿ ಸಿಟ್ಟು ಬಂದಿದೆ. "ಭಾಷಣದ ದಿನ ಎಲ್ಲರೂ ಟಿವಿ ಮುಂದೆ ಕೂರುತ್ತಾರೆ. ಆಮೇಲೆ ಲಕ್ಷಗಟ್ಟಲೆ ಕೋಟಿ ಧ್ವನಿಮತದಲ್ಲಿ ಪಾಸ್ ಆಗಿಬಿಡುತ್ತದೆ. ಎಷ್ಟೋ ಕಾಲದ ಮೇಲೆ ಆಡಿಟ್ ವರದಿ, ಅದಾದ ಮೇಲೆ ಸಮಿತಿ, ಆಮೇಲೆ ಮತ್ತೊಂದು ವರದಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ! ಇದಕ್ಕೆ ಸಂಸತ್ತಿನ ಹಿಡಿತ ಅಂತ ನೀವು ಹೆಸರು ಬೇರೆ ಕೊಟ್ಟಿದ್ದೀರಿ" ಎಂದು ಬರೆದಿದ್ದೀರಿ. ಜೊತೆಗೆ ನಮ್ಮದೇ ಒಂದು ತಪ್ಪನ್ನೂ ಹಿಡಿದಿದ್ದೀರಿ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಅರ್ಧ ಮಾತು ಒಪ್ಪುತ್ತೇನೆ. ಮತ ಹಾಕುವ ಹಂತದಲ್ಲಿ ಹಿಡಿತ ಸಡಿಲ ಅನ್ನೋದು ನಿಜ. ಪ್ರತಿ ಸಚಿವಾಲಯ ತನ್ನ ಖರ್ಚಿಗೆ ಇಷ್ಟು ಹಣ ಬೇಕು ಅಂತ ಸದನವನ್ನು ಕೇಳುವುದಕ್ಕೆ ಬೇಡಿಕೆ ಅನ್ನುತ್ತಾರೆ. ಲೋಕಸಭೆಯಲ್ಲಿ ಪ್ರತಿ ವರ್ಷ ಕೆಲವೇ ಸಚಿವಾಲಯಗಳ ಬೇಡಿಕೆಗಳು ಚರ್ಚೆಗೆ ಬರುತ್ತವೆ. ಉಳಿದವನ್ನು ಕೊನೇ ದಿನ ಒಟ್ಟಿಗೆ ಮತಕ್ಕೆ ಹಾಕುತ್ತಾರೆ. ಇದಕ್ಕೆ ಗಿಲೊಟಿನ್ ಅಂತ ಹೆಸರು. ತಲೆ ಕಡಿಯುವ ಯಂತ್ರದ ಹೆಸರನ್ನು ಚರ್ಚೆ ಕಡಿಯೋಕೆ ಇಟ್ಟವರು ಯಾರೋ, ಸರಿಯಾಗಿಯೇ ಇಟ್ಟಿದ್ದಾರೆ. 2018ರಲ್ಲಿ ಮತ್ತು 2023ರಲ್ಲಿ ಒಂದೇ ಒಂದು ಸಚಿವಾಲಯದ ಬೇಡಿಕೆಯೂ ಚರ್ಚೆಯಾಗಲಿಲ್ಲ. 2023ರ ಬಜೆಟ್ ಸುಮಾರು 45 ಲಕ್ಷ ಕೋಟಿ ರೂಪಾಯಿಯದ್ದು. ಗದ್ದಲದ ನಡುವೆ ಕೆಲವೇ ನಿಮಿಷದಲ್ಲಿ ಬೇಡಿಕೆಗಳೆಲ್ಲ ಪಾಸ್ ಆದವು.

ಚರ್ಚೆ ನಡೆದರೂ ಕೈಗೆ ಬರುವುದು ಕಡಿಮೆಯೇ. ಬ್ರಿಟನ್ನಿನಲ್ಲೂ ಭಾರತದಲ್ಲೂ ಸದಸ್ಯರು ಯಾವ ಬೇಡಿಕೆಯನ್ನೂ ಹೆಚ್ಚಿಸುವಂತಿಲ್ಲ, ಕಡಿತ ಮಾತ್ರ ಕೇಳಬಹುದು. ಕಡಿತ ಕೇಳಿ ಗೆದ್ದರೆ ಸರ್ಕಾರದ ಮೇಲೆ ಸದನಕ್ಕೆ ವಿಶ್ವಾಸ ಹೋಯಿತು ಅಂತ ಅರ್ಥ. ಹಾಗಾಗಿ ಆಡಳಿತ ಪಕ್ಷದವರು ಯಾರೂ ಕಡಿತದ ಪರ ಕೈ ಎತ್ತುವುದಿಲ್ಲ. ಇನ್ನು ಸರ್ಕಾರ ಕಟ್ಟುವ ಸಾಲದ ಬಡ್ಡಿಯಂಥ ಖರ್ಚುಗಳು ಭಾರತದಲ್ಲಿ ಮತಕ್ಕೇ ಬರುವುದಿಲ್ಲ. ಅವುಗಳ ಬಗ್ಗೆ ಮಾತಾಡಬಹುದು ಅಷ್ಟೇ. ಅಮೆರಿಕದ ಕಾಂಗ್ರೆಸ್ ಬಜೆಟ್ಟಿನ ಯಾವ ಸಾಲನ್ನು ಬೇಕಾದರೂ ತಿದ್ದಬಹುದು. ಆದರೆ ಅಲ್ಲೂ ಪಿಂಚಣಿ, ವೃದ್ಧರ ವೈದ್ಯಕೀಯ ನೆರವು, ಬಡ್ಡಿ ಇವೆಲ್ಲ ಹಳೆಯ ಕಾನೂನುಗಳ ಮೇಲೆ ತಾವಾಗಿಯೇ ಹರಿಯುತ್ತವೆ. ಪ್ರತಿ ವರ್ಷ ಮತಕ್ಕೆ ಬರುವುದು ಒಟ್ಟು ಖರ್ಚಿನ ಸಣ್ಣ ಪಾಲು.

ಹಾಗಂತ ಮತ ಹಾಕುವುದೇ ಸುಮ್ನೆ ಅನ್ನಲಾರೆ. 1895ರ ಜೂನ್ 21ರಂದು ಲಂಡನ್ನಿನಲ್ಲಿ ನಡೆದದ್ದು ಕೇಳಿ. ಅವತ್ತು ಸದನದಲ್ಲಿ ಸೇನೆಯ ಖರ್ಚಿನ ಚರ್ಚೆ. ಕಾರ್ಡೈಟ್ ಅಂತ ಹೊಗೆ ಬಾರದ ಸಿಡಿಮದ್ದು, ಅದರ ದಾಸ್ತಾನು ಸಾಲದು ಅಂತ ವಿರೋಧ ಪಕ್ಷದ ದೂರು. ಯುದ್ಧ ಸಚಿವ ಹೆನ್ರಿ ಕ್ಯಾಂಬೆಲ್-ಬ್ಯಾನರ್‌ಮನ್ ಅವರ ಸಂಬಳದಲ್ಲಿ 100 ಪೌಂಡ್ ಕಡಿಮೆ ಮಾಡಬೇಕು ಅಂತ ಒಂದು ಪ್ರಸ್ತಾವ ಬಂತು. ಯಾರೂ ಅದನ್ನು ದೊಡ್ಡದಾಗಿ ಎಣಿಸಿರಲಿಲ್ಲ. ಎಣಿಕೆ ಮುಗಿದಾಗ ಕಡಿತದ ಪರ 132, ವಿರುದ್ಧ 125. ಪ್ರಧಾನಿ ಲಾರ್ಡ್ ರೋಸ್‌ಬರಿಯ ಸರ್ಕಾರ ರಾಜೀನಾಮೆ ಕೊಟ್ಟಿತು, ಅದರ ಬೆನ್ನಿಗೇ ಬಂದ ಚುನಾವಣೆಯಲ್ಲಿ ಅವರ ಪಕ್ಷ ಸೋತಿತು. ಭಾರತದಲ್ಲಿ ಈಗಲೂ ಬೇಡಿಕೆಯಲ್ಲಿ 100 ರೂಪಾಯಿ ಕಡಿತ ಕೇಳುವ ಪದ್ಧತಿ ಇದೆಯಲ್ಲ, ಅದೂ ಇದೇ ಜಾತಿಯದ್ದು. ಹಣ ಉಳಿಸುವುದು ಅದರ ಉದ್ದೇಶ ಅಲ್ಲ, ಒಂದು ದೂರನ್ನು ದಾಖಲೆಗೆ ತರುವುದು. ಆಸ್ಟ್ರೇಲಿಯಾದಲ್ಲಿ 1975ರಲ್ಲಿ ಮೇಲ್ಮನೆ ಹಣದ ಮಸೂದೆಗಳನ್ನು ತಡೆದು ಕೂತದ್ದು ಪ್ರಧಾನಿ ವಿಟ್ಲಮ್ ವಜಾ ಆಗುವಲ್ಲಿಗೆ ಹೋಗಿ ಮುಟ್ಟಿತು. ಆದರೆ ಇವೆಲ್ಲ ಅಪರೂಪದ ಘಟನೆಗಳು. ವರ್ಷ ವರ್ಷದ ಕೆಲಸ ಹೀಗೆ ನಡೆಯುವುದಿಲ್ಲ.

ನನ್ನ ತಕರಾರು ನಿಮ್ಮ ಇನ್ನರ್ಧ ಮಾತಿನ ಮೇಲೆ. ಖರ್ಚಾದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ ಅಂದಿರಿ. ಪ್ರಶ್ನೆ ಕೇಳುವುದು ಆಮೇಲೆ, ಸರಿ. ಆದರೆ ಆ ಪ್ರಶ್ನೆ ಬರುತ್ತದೆ ಅಂತ ಗೊತ್ತಿರುವವರು ಫೈಲಿನಲ್ಲಿ ಬರೆಯುವ ರೀತಿ ಮೊದಲೇ ಬದಲಾಗುತ್ತದೆ. ಇದನ್ನು ನಿಮಗೆ ಹೇಳಬೇಕಾ? ಮೂವತ್ತು ವರ್ಷ ಆಡಿಟ್ ಬರುವ ವಾರ ಕಚೇರಿ ಹೇಗಿರುತ್ತದೆ ಅಂತ ಕಂಡವರು ನೀವು.

ಬ್ರಿಟನ್ನಿನಲ್ಲಿ ಆಗಿನ ಹಣಕಾಸು ಸಚಿವ ಗ್ಲ್ಯಾಡ್‌ಸ್ಟನ್ 1861ರಲ್ಲಿ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಮಾಡಿಸಿದರು. ಖರ್ಚಾದ ಹಣದ ಲೆಕ್ಕ ಕೇಳುವ ಸಂಸದರ ಸಮಿತಿ ಅದು. ಐದು ವರ್ಷದ ಮೇಲೆ, 1866ರಲ್ಲಿ, ಕಾನೂನು ತಂದು ಸರ್ಕಾರದ ಲೆಕ್ಕ ಪರಿಶೋಧಿಸುವ ಮಹಾಲೇಖಪಾಲರ ಹುದ್ದೆ ಸೃಷ್ಟಿಸಿದರು. ಈ ಜೋಡಿಯೇ ಮುಖ್ಯ. ಸಮಿತಿಯ ಸದಸ್ಯರಿಗೆ ಅಧಿಕಾರ ಇದೆ, ಲೆಕ್ಕ ಬಿಡಿಸಿ ನೋಡುವಷ್ಟು ಪುರುಸೊತ್ತು ಇಲ್ಲ. ಲೇಖಪಾಲರಿಗೆ ಲೆಕ್ಕ ಗೊತ್ತು, ಯಾರನ್ನೂ ಕರೆಸಿ ಎದುರು ಕೂರಿಸುವ ಅಧಿಕಾರ ಇಲ್ಲ. ಒಬ್ಬರ ಕೈಗೆ ಇನ್ನೊಬ್ಬರ ಕಣ್ಣು ಸೇರಿಸಿದರು. ಸಮಿತಿಯ ಅಧ್ಯಕ್ಷರು ವಿರೋಧ ಪಕ್ಷದವರು ಆಗಿರಬೇಕು ಅನ್ನುವ ವಾಡಿಕೆಯೂ ಅಲ್ಲಿಯದೇ. ಭಾರತದಲ್ಲಿ ಈ ಸಮಿತಿ ಶುರುವಾದದ್ದು 1921ರಲ್ಲಿ. ಅಧ್ಯಕ್ಷ ಸ್ಥಾನ ವಿರೋಧ ಪಕ್ಷಕ್ಕೆ ಬಂದದ್ದು ಮಾತ್ರ 1967ರಿಂದ. ಈಗ ಲೋಕಸಭೆಯ 15, ರಾಜ್ಯಸಭೆಯ 7, ಒಟ್ಟು 22 ಸದಸ್ಯರು. ಸಚಿವರಾದವರಿಗೆ ಅಲ್ಲಿ ಜಾಗ ಇಲ್ಲ.

ಈ ಸಮಿತಿಯ ಎದುರಿಗೆ ಬಂದು ಕೂರುವವರು ಸಾಮಾನ್ಯವಾಗಿ ಸಚಿವರಲ್ಲ, ಇಲಾಖೆಯ ಹಿರಿಯ ಅಧಿಕಾರಿ. ಬ್ರಿಟನ್ನಿನಲ್ಲಿ ಆ ಅಧಿಕಾರಿ ಹಣಕ್ಕೆ ಸ್ವಂತವಾಗಿ ಹೊಣೆ. "ಸಾಹೇಬರು ಹೇಳಿದರು, ಮಾಡಿದೆ" ಅಂತ ಅಲ್ಲಿ ನಡೆಯುವುದಿಲ್ಲ. ಸಚಿವರು ಹೇಳಿದ ಖರ್ಚು ನಷ್ಟದ ಬಾಬ್ತು ಅನ್ನಿಸಿದರೆ ಅಧಿಕಾರಿ ಒಂದು ಕೆಲಸ ಮಾಡಬೇಕು. "ಇದು ಸರಿಯಾದ ಖರ್ಚಲ್ಲ ಅಂತ ನನ್ನ ಅಭಿಪ್ರಾಯ. ಮಾಡಲೇಬೇಕೆಂದರೆ ಬರಹದಲ್ಲಿ ಆದೇಶ ಕೊಡಿ" ಅಂತ ಕೇಳಬೇಕು. ಸಚಿವರು ಸಹಿ ಹಾಕಿ ಕೊಟ್ಟರೆ ಅಧಿಕಾರಿ ಪಾಲಿಸುತ್ತಾರೆ. ಆ ಕಾಗದದ ಪ್ರತಿ ಮಹಾಲೇಖಪಾಲರಿಗೆ ಹೋಗುತ್ತದೆ. ಅಂದರೆ ಸಚಿವರು ಬೇಡದ ಖರ್ಚು ಮಾಡಬಾರದು ಅಂತೇನಿಲ್ಲ. ಆದರೆ ತಮ್ಮ ಹೆಸರಲ್ಲೇ ಮಾಡಬೇಕು.

ಮಲೇಷ್ಯಾದ ಪೆರ್ಗಾವ್ ಅಣೆಕಟ್ಟಿನ ಕಥೆ ಇದಕ್ಕೆ ಒಳ್ಳೆ ಉದಾಹರಣೆ. ನೆರವಿನ ಹೆಸರಲ್ಲಿ ಬ್ರಿಟನ್ ಅದಕ್ಕೆ 234 ಮಿಲಿಯನ್ ಪೌಂಡ್ ಕೊಡಲು ಹೊರಟಿತ್ತು. ಬೇರೆ ದಾರಿಯಲ್ಲಿ ಇದಕ್ಕಿಂತ ಅಗ್ಗವಾಗಿ ವಿದ್ಯುತ್ ಮಾಡಬಹುದು ಅಂತ ನೆರವು ಇಲಾಖೆಯವರೇ ಲೆಕ್ಕ ಹಾಕಿದ್ದರು. ಇಲಾಖೆಯ ಮುಖ್ಯ ಅಧಿಕಾರಿ ಟಿಮ್ ಲ್ಯಾಂಕೆಸ್ಟರ್ ಒಪ್ಪಲಿಲ್ಲ, ಬರಹದ ಆದೇಶ ಕೇಳಿದರು. 1991ರ ಜುಲೈಯಲ್ಲಿ ವಿದೇಶಾಂಗ ಸಚಿವ ಡಗ್ಲಸ್ ಹರ್ಡ್ ಆದೇಶ ಕೊಟ್ಟರು. ಹಣ ಹೋಯಿತು. ಇಲ್ಲಿಗೆ ನಿಲ್ಲಿಸಿದರೆ ನಿಮ್ಮ ಮಾತೇ ಗೆದ್ದಂತೆ, ಅಲ್ವಾ?

ಆದರೆ ಕಾಗದ ಉಳಿದಿತ್ತು. 1993ರಲ್ಲಿ ಲೆಕ್ಕ ಪರಿಶೋಧಕರ ವರದಿ ಬಂತು. ಮರುವರ್ಷ ಸಮಿತಿ ವಿಚಾರಣೆ ಮಾಡಿತು. ಈ ನೆರವಿನ ಮಾತಿಗೂ ಮಲೇಷ್ಯಾಕ್ಕೆ ಶಸ್ತ್ರಾಸ್ತ್ರ ಮಾರುವ ಮಾತುಕತೆಗೂ 1988ರಲ್ಲಿ ಗಂಟು ಬಿದ್ದಿತ್ತು ಅನ್ನುವುದು ಬಯಲಾಯಿತು. ಒಂದು ಸ್ವಯಂಸೇವಾ ಸಂಸ್ಥೆ ಕೋರ್ಟಿಗೆ ಹೋಯಿತು. ತನ್ನ ಅಧಿಕಾರಿಯೇ ಬೇಡ ಅಂದ ಖರ್ಚು ಅನ್ನುವುದು ದಾಖಲೆಯಲ್ಲೇ ಇತ್ತಲ್ಲ, ಸರ್ಕಾರಕ್ಕೆ ವಾದ ಮಾಡೋದು ಕಷ್ಟವಾಯಿತು. 1994ರ ನವೆಂಬರಿನಲ್ಲಿ ಹೈಕೋರ್ಟ್ ಈ ನೆರವು ಕಾನೂನುಬಾಹಿರ ಅಂದಿತು. ಅಣೆಕಟ್ಟು ನಿಲ್ಲಲಿಲ್ಲ. ಹಣವನ್ನು ನೆರವಿನ ಬಾಬ್ತಿನಿಂದ ತೆಗೆದು ಬೇರೆ ಕಡೆಯಿಂದ ತುಂಬಬೇಕಾಯಿತು. ಅಧಿಕಾರಿ ಬಾಯಿಮಾತಿಗೆ ತಲೆಯಾಡಿಸಿ ಸುಮ್ಮನಿದ್ದಿದ್ದರೆ ಕೋರ್ಟಿನ ಎದುರು ಇಡೋಕೆ ಏನು ಇರುತ್ತಿತ್ತು?

ಈ ಸಮಿತಿಗಳನ್ನು ಹೊಗಳಿ ಅಟ್ಟಕ್ಕೇರಿಸುವ ಇರಾದೆ ನನಗಿಲ್ಲ. ಭಾರತದಲ್ಲಿ ಸಮಿತಿಯ ಸಭೆ ಬಾಗಿಲು ಮುಚ್ಚಿ ನಡೆಯುತ್ತದೆ. ಬ್ರಿಟನ್ನಿನಲ್ಲಿ ಅಧಿಕಾರಿ ತಡವರಿಸುವುದನ್ನು ಯಾರು ಬೇಕಾದರೂ ಕೂತು ನೋಡಬಹುದು. ಬಾಗಿಲು ಮುಚ್ಚಿದರೆ ಸದಸ್ಯರು ಪಕ್ಷ ಮರೆತು ಮಾತಾಡುತ್ತಾರೆ ಅನ್ನುವ ವಾದ ಇದೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. 2011ರಲ್ಲಿ 2ಜಿ ತರಂಗಾಂತರದ ಕರಡು ವರದಿಯ ಮೇಲೆ ಸಮಿತಿಯೇ ಪಕ್ಷದ ಗೆರೆಯಲ್ಲಿ ಸೀಳಿಹೋಯಿತು. ಮುಚ್ಚಿದ ಬಾಗಿಲು ಅದನ್ನು ತಡೆಯಲಿಲ್ಲ. ಸಮಿತಿಯ ಬಲ ಇರುವುದು ಎಲ್ಲ ಪಕ್ಷದವರೂ ಒಂದೇ ವರದಿಗೆ ಒಪ್ಪುವುದರಲ್ಲಿ. ಅದು ತಪ್ಪಿದ ದಿನ ಆ ವರದಿ ಇನ್ನೊಂದು ಭಾಷಣ ಅಷ್ಟೇ. "ಈ ಯೋಜನೆ ಬೇಕಿತ್ತಾ?" ಅಂತ ಈ ಸಮಿತಿ ಹೆಚ್ಚಾಗಿ ಕೇಳದೇ ಇರುವುದು ಅದಕ್ಕೇ. ಅದು ರಾಜಕೀಯ. "ಇದೇ ಕೆಲಸ ಇದಕ್ಕಿಂತ ಕಡಿಮೆಗೆ ಆಗುತ್ತಿತ್ತಾ? ಹೇಳಿದ್ದು ಆಯಿತಾ?" ಅಂತ ಕೇಳುತ್ತದೆ. ಈ ಪ್ರಶ್ನೆಗೆ ಯಾವ ಪಕ್ಷದವರಾದರೂ ತಲೆಯಾಡಿಸಬಹುದು.

ಖರ್ಚಿಗೆ ಮೊದಲೇ ನೋಡುವ ಕೆಲಸ ಎಲ್ಲೂ ಇಲ್ಲ ಅಂತಲೂ ಅಲ್ಲ. ಭಾರತದ ಸಂಸತ್ತಿನಲ್ಲಿ 1993ರಿಂದ ಇಲಾಖಾವಾರು ಸ್ಥಾಯಿ ಸಮಿತಿಗಳಿವೆ. ಮೊದಲು 17 ಇದ್ದವು, 2004ರಿಂದ 24. ಮತಕ್ಕೆ ಮೊದಲು ಬೇಡಿಕೆಗಳನ್ನು ಸಾಲು ಸಾಲಾಗಿ ನೋಡುವುದು ಇವುಗಳ ಕೆಲಸ. ಒಳ್ಳೊಳ್ಳೆ ವರದಿಗಳನ್ನೂ ಕೊಡುತ್ತವೆ. ಸರ್ಕಾರ ಅವನ್ನು ಪಾಲಿಸಲೇಬೇಕು ಅಂತಿಲ್ಲ. ಜರ್ಮನಿಯಲ್ಲಿ ಮಾತ್ರ ಬಜೆಟ್ ಸಮಿತಿಯ ಅಧ್ಯಕ್ಷ ಸ್ಥಾನವೇ ಬಹಳ ಕಾಲ ವಾಡಿಕೆಯಂತೆ ದೊಡ್ಡ ವಿರೋಧ ಪಕ್ಷಕ್ಕೆ ಹೋಗುತ್ತಿತ್ತು. ಆ ಸಮಿತಿಯ ಕೊನೆಯ ಸಭೆ ರಾತ್ರಿಯೆಲ್ಲ ನಡೆದು, ಅಂಕಿಗಳು ನಿಜವಾಗಿಯೂ ಬದಲಾಗುತ್ತವೆ. ನನಗಂತೂ ಅದನ್ನು ಕಂಡರೆ ಹೊಟ್ಟೆಕಿಚ್ಚು.

ಈಗ ನಿಮ್ಮ ಕೊನೇ ಪ್ರಶ್ನೆ. ಬಿಡುವಿದೆ, ಈ ವರದಿಗಳನ್ನು ಓದಬೇಕು ಅಂತಿದ್ದೀರಿ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಪೇಪರಿನಲ್ಲಿ ಬರುವ ದೊಡ್ಡ ಹಗರಣದ ವರದಿಯಿಂದ ಬೇಡ. ಧನವಿನಿಯೋಗ ಲೆಕ್ಕ ಅಂತ ಒಂದು ಬರುತ್ತದಲ್ಲ, ಸದನ ಒಪ್ಪಿದ್ದು ಎಷ್ಟು, ಖರ್ಚಾದದ್ದು ಎಷ್ಟು ಅಂತ ಪಕ್ಕಪಕ್ಕ ಇಟ್ಟು ತೋರಿಸುವುದು, ಅದನ್ನು ತೆಗೆಯಿರಿ. ನಿಮಗೆ ಇಷ್ಟವಾದ ಒಂದೇ ಇಲಾಖೆ ಹಿಡಿಯಿರಿ. ಜಾಸ್ತಿ ಖರ್ಚಾದ ಕಡೆ ಎಲ್ಲರೂ ನೋಡುತ್ತಾರೆ. ನೀವು ಖರ್ಚಾಗದೆ ಉಳಿದದ್ದನ್ನು ನೋಡಿ. ಸರ್ಕಾರಿ ಭಾಷೆಯಲ್ಲಿ ಅದಕ್ಕೆ "ಉಳಿತಾಯ" ಅಂತ ಹೆಸರು. ಕೇಳೋಕೆ ಎಷ್ಟು ಚೆಂದ! ಕಟ್ಟಬೇಕಿದ್ದ ಆಸ್ಪತ್ರೆ ಕಟ್ಟದಿದ್ದರೂ ಉಳಿತಾಯ, ನೇಮಕ ಆಗದೆ ಶಿಕ್ಷಕರ ಸಂಬಳ ಉಳಿದರೂ ಉಳಿತಾಯ. ಅದೇ ಬಾಬ್ತಿಗೆ ವರ್ಷದ ನಡುವೆ ಪೂರಕ ಅಂದಾಜಿನಲ್ಲಿ ಇನ್ನಷ್ಟು ಹಣ ಕೇಳಿದ್ದರಾ ಅಂತಲೂ ನೋಡಿ. ಮೊದಲು ಕೊಟ್ಟದ್ದೇ ಮುಗಿಯದಿರುವಾಗ ಮತ್ತೆ ಕೇಳಿರುವುದು ನಿಮಗೆ ಬೇಗ ಕಾಣುತ್ತದೆ.

ಆಮೇಲೆ ಕಾರಣ ಬರೆದ ಜಾಗಕ್ಕೆ ಬನ್ನಿ. "ಪ್ರಸ್ತಾವನೆಗಳು ಬಾರದ ಕಾರಣ", "ಮಂಜೂರಾತಿ ತಡವಾದ ಕಾರಣ" ಅಂತೆಲ್ಲ ಇರುತ್ತದೆ. ಯಾರು ಪ್ರಸ್ತಾವನೆ ಕಳಿಸಬೇಕಿತ್ತು, ಯಾರು ಮಂಜೂರು ಮಾಡಬೇಕಿತ್ತು ಅಂತ ಇರುವುದಿಲ್ಲ. ಒಂದೇ ವಾಕ್ಯ ಮೂರು ವರ್ಷ ಹಾಗೇ ನಕಲಾಗಿದ್ದರೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಅಂಥದ್ದು ಸಿಕ್ಕರೆ ನಮಗೆ ಬರೆದು ಕಳಿಸಿ, ಅಚ್ಚು ಮಾಡುತ್ತೇವೆ.

ಇನ್ನು ನಮ್ಮ ತಪ್ಪು. ವಿಶೇಷಾಂಕದ ನಡುಪುಟದಲ್ಲಿ ಖರ್ಚಿನ ಪಾಲು ತೋರಿಸುವ ಚಿತ್ರ ಹಾಕಿದ್ದೆವು. ಶೇಕಡಾ ಅಂಕಿಗಳನ್ನು ಕೂಡಿದರೆ 100ರ ಬದಲು 104 ಬರುತ್ತದೆ ಅಂತ ಬರೆದಿದ್ದೀರಿ. ನಾನೂ ಕೂಡಿ ನೋಡಿದೆ, 104 ಬಂತು. "ದಶಾಂಶಗಳನ್ನು ಪೂರ್ಣಾಂಕಕ್ಕೆ ತಂದ ಕಾರಣ ಈ ವ್ಯತ್ಯಾಸ" ಅಂತ ಒಂದು ಸಾಲು ಬರೆದೂ ಇಟ್ಟಿದ್ದೆ. ಅದನ್ನು ಹೊಡೆದುಹಾಕಿದ್ದೇನೆ. ಒಂದು ಬಾಬ್ತನ್ನು ಎರಡು ಕಡೆ ಸೇರಿಸಿಬಿಟ್ಟಿದ್ದೆವು, ಅಚ್ಚಿಗೆ ಕಳಿಸುವ ಮೊದಲು ನಾನು ಕೂಡಿ ನೋಡಿರಲಿಲ್ಲ. ಸರಿಪಡಿಸಿದ ಚಿತ್ರ ಈ ಸಂಚಿಕೆಯ ಕೊನೇ ಪುಟದಲ್ಲಿದೆ. ಅದನ್ನೂ ಒಮ್ಮೆ ಕೂಡಿ ನೋಡಿ.

ನಿಮ್ಮ,
ಸಂಪಾದಕ