ಬೇರಿಯಂ ಟೈಟನೇಟ್ ಎಸ್‌ಟಿಎಂನಲ್ಲಿ ಕಾಣದಿರಲು ಕಾರಣ

ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ ಪ್ರಾಜೆಕ್ಟ್‌ಗೆ ಬೇರಿಯಂ ಟೈಟನೇಟ್ ಹರಳನ್ನು ಎಸ್‌ಟಿಎಂನಲ್ಲಿ (ಚೂಪು ಸೂಜಿಯಿಂದ ಮೇಲ್ಮೈಯ ಪರಮಾಣುಗಳ ಚಿತ್ರ ತೆಗೆಯುವ ಸೂಕ್ಷ್ಮದರ್ಶಕ) ಇಟ್ಟರೆ ಚಿತ್ರವೇ ಬರ್ತಿಲ್ಲ ಅಂತ ಕೇಳಿದ್ದೀರಿ. ಸೂಜಿಯನ್ನು ದೂರಬೇಡಿ. ಆ ಹರಳು ಅವಾಹಕ, ಬ್ಯಾಂಡ್ ಅಂತರ (ಎಲೆಕ್ಟ್ರಾನು ಹರಿಯಲು ದಾಟಬೇಕಾದ ಶಕ್ತಿಯ ಅಂತರ) ಸುಮಾರು 3 ಎಲೆಕ್ಟ್ರಾನ್ ವೋಲ್ಟ್. ಸೂಜಿಗೂ ಹರಳಿಗೂ ನಡುವೆ ಹರಿದು ಚಿತ್ರ ಕೊಡುವ ಟನೆಲಿಂಗ್ ಕರೆಂಟ್ ಹರಿಯೋಕೆ ದಾರಿಯೇ ಇಲ್ಲ.

ಅತಿ ನಿರ್ವಾತದಲ್ಲಿ ಚೆನ್ನಾಗಿ ಕಾಯಿಸಿದರೆ ಒಂದಿಷ್ಟು ಆಮ್ಲಜನಕ ಹೊರಹೋಗುತ್ತೆ, ಅದು ಬಿಟ್ಟುಹೋದ ಎಲೆಕ್ಟ್ರಾನುಗಳು ಕರೆಂಟ್ ಒಯ್ಯುತ್ತವೆ. ಹರಳು ಕಡುನೀಲಿಗೆ ತಿರುಗೋದು ಬರಿಗಣ್ಣಿಗೇ ಕಾಣುತ್ತೆ, ನೋಡೋಕೆ ಬಲು ಚೆಂದ! ಆದರೆ ಈ ಕಾಯಿಸುವಿಕೆಯಲ್ಲಿ ಮೇಲ್ಮೈಯ ಪರಮಾಣುಗಳ ಜೋಡಣೆಯೇ ಬದಲಾಗಬಹುದು. ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹರಳಿನೊಳಗಿನ ವಿದ್ಯುತ್ ಧ್ರುವೀಕರಣವೂ ಅಳಿಯುತ್ತೆ. ತಣಿದಾಗ ಮರಳಿದರೂ ಡೊಮೇನ್‌ಗಳು (ಧ್ರುವೀಕರಣ ಒಂದೇ ದಿಕ್ಕಿಗಿರುವ ಭಾಗಗಳು) ಹಳೆಯ ಜಾಗದಲ್ಲೇ ಇರಬೇಕೆಂದಿಲ್ಲ.

ನಾನಾಗಿದ್ದರೆ ಕಾಯಿಸುವ ಮೊದಲೇ ಪಿಎಫ್‌ಎಂನಲ್ಲಿ (ವೋಲ್ಟೇಜ್ ಕೊಟ್ಟಾಗ ಮೇಲ್ಮೈ ಅಲುಗುವುದನ್ನು ಸೂಜಿಯಿಂದ ಅಳೆಯುವ ಸೂಕ್ಷ್ಮದರ್ಶಕ) ಡೊಮೇನ್ ನಕ್ಷೆ ತೆಗೆದಿಡ್ತಿದ್ದೆ. ಮಳೆಗಾಲದ ಮೈಸೂರಿನ ಗಾಳಿಗೆ ಹರಳನ್ನು ತೆರೆದಿಡಬೇಡಿ. ಮೇಲ್ಮೈಯ ವಿದ್ಯುದಾವೇಶ ತೇವವನ್ನು ಎಳೆದುಕೊಳ್ಳುತ್ತೆ.