ಅಪ್ಪ ಅಮ್ಮನ ಜೊತೆ ಬಾಸ್ಫರಸ್ ಮೇಲೆ ರಾತ್ರಿಯೂಟ: ಹೋಗಬಹುದೇ?

ನಿಮ್ಮ ಪ್ರಶ್ನೆ ಇದು: ಅಕ್ಟೋಬರ್‌ನಲ್ಲಿ ಅಪ್ಪ ಅಮ್ಮನನ್ನು ಇಸ್ತಾಂಬುಲ್‌ಗೆ ಕರೆದುಕೊಂಡು ಹೋಗುತ್ತಿದ್ದೀರಿ. ಇಬ್ಬರೂ ಅರವತ್ತೈದು ದಾಟಿದವರು, ಸಸ್ಯಾಹಾರಿಗಳು. ರಾತ್ರಿ ಆ ನಗರದ ನಡುವೆ ಹಾಯುವ ಬಾಸ್ಫರಸ್ ಜಲಸಂಧಿಯ ಮೇಲೆ ಹಡಗಿನಲ್ಲಿ ಊಟ, ಜೊತೆಗೆ ಟರ್ಕಿಯ ಸಾಂಪ್ರದಾಯಿಕ ನೃತ್ಯ ಎಂಬ ಜಾಹೀರಾತು ನೋಡಿದ್ದೀರಿ. ಕೊಟ್ಟ ಹಣಕ್ಕೆ ಮೋಸವಿಲ್ಲವೇ, ಅವರಿಗೆ ತಿನ್ನಲು ಏನಾದರೂ ಸಿಗುತ್ತದೆಯೇ, ಬೆಲ್ಲಿ ಡ್ಯಾನ್ಸ್ ಶುರುವಾದಾಗ ಹಿರಿಯರ ಪಕ್ಕದಲ್ಲಿ ಕುಳಿತು ತಲೆ ತಗ್ಗಿಸಬೇಕಾಗುತ್ತದೆಯೇ ಎಂದು ಕೇಳಿದ್ದೀರಿ.

ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಕಚೇರಿಯವರ ಜೊತೆ. ವೇದಿಕೆಯ ಎದುರಿನ ಮೇಜು ಬೇಕೆಂದು ಹೆಚ್ಚು ಹಣ ಕೊಟ್ಟು ಮೂರು ಗಂಟೆ ಕುಳಿತು ಬಂದೆವು. ಹೋಟೆಲಿಗೆ ಮರಳಿದ ಮೇಲೆ ಸಹೋದ್ಯೋಗಿಯೊಬ್ಬರು ‘ಬಾಸ್ಫರಸ್ ಹೇಗಿತ್ತು’ ಎಂದು ಕೇಳಿದಾಗ ನನಗೆ ನೆನಪಿದ್ದದ್ದು ಒಂದು ಧ್ವನಿವರ್ಧಕ ಮತ್ತು ಎದುರು ಕುಳಿತವರ ತಲೆ ಮಾತ್ರ. ಎರಡನೆಯ ಸಲ ಅತ್ತೆ-ಮಾವನ ಜೊತೆ ಹೋದಾಗ ಸ್ವಲ್ಪ ಬುದ್ಧಿ ಬಂದಿತ್ತು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಹೋಗಿ, ಆದರೆ ವೇದಿಕೆಯ ಹತ್ತಿರದ ಮೇಜಿಗಾಗಿ ಹೆಚ್ಚಿನ ಹಣ ಕೊಡಬೇಡಿ. ಹೊರಗಿನ ಡೆಕ್‌ಗೆ ಹೋಗುವ ಬಾಗಿಲಿನ ಪಕ್ಕದ ಮೇಜು ಕೇಳಿ. ಈ ಹಡಗುಗಳಲ್ಲಿ ಸಮುದ್ರ ಮತ್ತು ನೃತ್ಯ ಎರಡನ್ನೂ ಒಂದೇ ಟಿಕೆಟ್‌ನಲ್ಲಿ ಮಾರುತ್ತಾರೆ. ಎರಡೂ ಒಂದೇ ಹೊತ್ತಿನಲ್ಲಿ ನಡೆಯುತ್ತವೆ, ಒಂದನ್ನು ನೋಡಬೇಕೆಂದರೆ ಇನ್ನೊಂದಕ್ಕೆ ಬೆನ್ನು ಹಾಕಬೇಕು.

ದಾರಿಯ ಅಂದಾಜಿದ್ದರೆ ಯಾವಾಗ ಎದ್ದು ಹೊರಗೆ ಹೋಗಬೇಕು ಎಂದು ತಿಳಿಯುತ್ತದೆ. ಬಹಳಷ್ಟು ಹಡಗುಗಳು ಕಬಾತಾಶ್ ಕಟ್ಟೆಯಿಂದ ರಾತ್ರಿ ಎಂಟೂವರೆ, ಒಂಬತ್ತರ ಸುಮಾರಿಗೆ ಹೊರಡುತ್ತವೆ. ಜೂನ್‌ನಲ್ಲಾದರೆ ಆ ಹೊತ್ತಿಗೆ ಆಕಾಶದಲ್ಲಿ ಇನ್ನೂ ಬೆಳಕಿರುತ್ತದೆ. ನೀವು ಹೋಗುವ ಅಕ್ಟೋಬರ್‌ನಲ್ಲಿ ಏಳು ಗಂಟೆಗೆಲ್ಲ ಕತ್ತಲು. ಹೊರಟ ಕೂಡಲೇ ಎಡಗಡೆ ದೋಲ್ಮಾಬಾಹ್ಚೆ ಅರಮನೆ. 1856ರಲ್ಲಿ ಮುಗಿದ, ಸುಲ್ತಾನರು ಯುರೋಪಿನ ಠೀವಿಗೆ ಮನಸೋತು ಕಟ್ಟಿಸಿದ ಬಿಳಿಯ ಕಟ್ಟಡ. ಟರ್ಕಿ ಗಣರಾಜ್ಯದ ಸ್ಥಾಪಕ ಅತಾತುರ್ಕ್ 1938ರ ನವೆಂಬರ್ 10ರಂದು ತೀರಿಕೊಂಡದ್ದು ಇಲ್ಲಿಯೇ. ಅದು ದಾಟಿದ ಮೇಲೆ ಈಗ ಹೋಟೆಲ್ ಆಗಿರುವ ಚಿರಾಆನ್ ಅರಮನೆ, ನಂತರ ನೀರಿನಂಚಿಗೇ ಕಾಲಿಟ್ಟು ನಿಂತಿರುವ ಒರ್ತಾಕೊಯ್ ಮಸೀದಿ. ಆ ಮಸೀದಿ ಕಂಡರೆ ಊಟದ ತಟ್ಟೆ ಬಿಟ್ಟಾದರೂ ಹೊರಗೆ ಹೋಗಿ. ಅದರ ನೆತ್ತಿಯ ಮೇಲೆಯೇ ಏಷ್ಯಾ ಮತ್ತು ಯುರೋಪನ್ನು ಜೋಡಿಸಿದ ಮೊದಲ ತೂಗುಸೇತುವೆ ಹಾದು ಹೋಗುತ್ತದೆ. 1973ರದ್ದು. ಅದರ ದೀಪಗಳು ಬಣ್ಣ ಬದಲಿಸುತ್ತಿರುತ್ತವೆ. ಸೇತುವೆಯ ಕೆಳಗೆ ಹಾಯುವಾಗ ಮೇಲಿನಿಂದ ವಾಹನಗಳ ಗುಂಯ್‌ಗುಡುವ ಸದ್ದು ಕೇಳಿಸುತ್ತದೆ. ಒಳಗಿದ್ದವರಿಗೆ ಅದು ಕೇಳಿಸುವುದಿಲ್ಲ.

ಇನ್ನೂ ಉತ್ತರಕ್ಕೆ ಹೋದರೆ ಬೆಬೆಕ್, ಅದರಾಚೆ ರುಮೆಲಿ ಹಿಸಾರಿ ಕೋಟೆ. ಅಲ್ಲಿ ಜಲಸಂಧಿ ಸುಮಾರು 700 ಮೀಟರಿಗೆ ಕಿರಿದಾಗುತ್ತದೆ. ತುರ್ಕರು ಬಾಸ್ಫರಸ್ ಅನ್ನು ಬರಿದೇ ‘ಬೊಆಜ್’ ಎನ್ನುತ್ತಾರೆ, ಅಂದರೆ ಗಂಟಲು. ಕಾನ್‌ಸ್ಟಾಂಟಿನೋಪಲ್‌ಗೆ, ಅಂದರೆ ಇಂದಿನ ಇಸ್ತಾಂಬುಲ್‌ಗೆ, ಕಪ್ಪು ಸಮುದ್ರದ ಕಡೆಯಿಂದ ನೆರವು ಬರಬಾರದೆಂದು ಒಟ್ಟೊಮನ್ ಸುಲ್ತಾನ ಎರಡನೆಯ ಮೆಹ್ಮೆದ್ 1452ರಲ್ಲಿ ನಾಲ್ಕೈದು ತಿಂಗಳಲ್ಲೇ ಈ ಕೋಟೆ ಎಬ್ಬಿಸಿದ. ಆಗ ಅದಕ್ಕಿದ್ದ ಹೆಸರು ‘ಬೊಆಜ್‌ಕೆಸೆನ್’, ಗಂಟಲು ಕೊಯ್ಯುವುದು. ಮರುವರ್ಷವೇ ನಗರ ಬಿತ್ತು. ಎದುರು ದಡದಲ್ಲಿ ಅವನ ಮುತ್ತಾತ ಬಾಯೆಜಿದ್ ಕಟ್ಟಿಸಿದ ಚಿಕ್ಕ ಕೋಟೆ ಇದೆ. ರಾತ್ರಿಯ ದೀಪದಲ್ಲಿ ಎರಡೂ ಒಂದನ್ನೊಂದು ದುರುಗುಟ್ಟಿ ನೋಡುತ್ತಿರುವಂತೆ ಕಾಣುತ್ತವೆ. ನಾವು ಹೋದ ದಿನ ಸರಿಯಾಗಿ ಈ ಹೊತ್ತಿಗೇ ಒಳಗೆ ಬೆಲ್ಲಿ ಡ್ಯಾನ್ಸ್ ಶುರುವಾಗಿ, ಡೆಕ್ ಮೇಲೆ ನಾನು, ಮಾವ, ಸಿಗರೇಟು ಸೇದಲು ಬಂದ ಒಬ್ಬ ಅಡುಗೆಯವ ಮಾತ್ರ ಇದ್ದೆವು.

ಮಾವನವರು ಪಣಂಬೂರಿನ ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅರಮನೆಗಿಂತ ಅವರಿಗೆ ಕುತೂಹಲವಿದ್ದದ್ದು ನಮ್ಮ ಪಕ್ಕದಲ್ಲಿ ಸದ್ದಿಲ್ಲದೆ ಹಾದು ಹೋದ ತೈಲದ ಹಡಗಿನಲ್ಲಿ. ಊರ ನಡುವೆ, ಜನರ ಮನೆಯ ಜಗಲಿಯ ಮುಂದೆ, ಇಷ್ಟು ದೊಡ್ಡ ಹಡಗು ಹೋಗುವುದು ಅವರಿಗೆ ನಂಬಲಾಗಲಿಲ್ಲ. 1936ರ ಮೋಂಟ್ರೊ ಒಪ್ಪಂದದ ಪ್ರಕಾರ ಶಾಂತಿಕಾಲದಲ್ಲಿ ಎಲ್ಲ ದೇಶಗಳ ವ್ಯಾಪಾರಿ ಹಡಗುಗಳಿಗೂ ಈ ದಾರಿ ಮುಕ್ತ. ಮೇಲಿನ ನೀರು ಕಪ್ಪು ಸಮುದ್ರದಿಂದ ದಕ್ಷಿಣಕ್ಕೆ ಹರಿದರೆ, ಅದರ ಅಡಿಯಲ್ಲಿ ಹೆಚ್ಚು ಉಪ್ಪಿನ ಭಾರದ ನೀರು ಉತ್ತರಕ್ಕೆ ಹರಿಯುತ್ತದೆ ಎಂದು ನಾನು ಓದಿದ್ದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ನೀರನ್ನೇ ನೋಡಿ ‘ಹಾಗಾದರೆ ಇಲ್ಲಿ ಹಡಗು ನಡೆಸುವವನ ಸಂಬಳ ಹೆಚ್ಚಿಸಬೇಕು’ ಎಂದರು.

ಇನ್ನು ಊಟ. ಸಸ್ಯಾಹಾರಿಗಳು ಹಸಿದು ಏಳಬೇಕಾಗಿಲ್ಲ, ಆದರೆ ಒಂದು ಎಚ್ಚರ ಬೇಕು. ಟರ್ಕಿಯಲ್ಲಿ ‘ಎತ್’ ಎಂದರೆ ಕುರಿ, ದನದ ಮಾಂಸ. ‘ಎತ್ ಬೇಡ’ ಎಂದಷ್ಟೇ ಹೇಳಿದರೆ ಕೋಳಿ ಬರಬಹುದು, ಅವರ ಲೆಕ್ಕದಲ್ಲಿ ಅದು ಬೇರೆ. ಕೋಳಿಗೆ ತವುಕ್, ಮೀನಿಗೆ ಬಾಲಿಕ್. ಮೂರನ್ನೂ ಹೆಸರಿಸಿ ಬೇಡವೆನ್ನಿ, ಅದೂ ಟಿಕೆಟ್ ಕಾಯ್ದಿರಿಸುವಾಗಲೇ. ಅನ್ನವನ್ನು ಕೆಲವೊಮ್ಮೆ ಕೋಳಿ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ, ಅದನ್ನೂ ಕೇಳಿ. ಮಾಂಸವಿಲ್ಲದ ಮುಖ್ಯ ಊಟ ಎಂದು ಕೊಟ್ಟದ್ದು ಸುಟ್ಟ ತರಕಾರಿ ಮತ್ತು ಬೆಂದ ಪಾಸ್ತಾ, ಅದರ ಬಗ್ಗೆ ಬರೆಯಲು ಏನೂ ಇಲ್ಲ. ಆದರೆ ಮೊದಲಿಗೆ ಸಣ್ಣ ಸಣ್ಣ ತಟ್ಟೆಗಳಲ್ಲಿ ಬರುವ ಮೆಜೆಗಳಿಂದಲೇ ಹೊಟ್ಟೆ ತುಂಬುತ್ತದೆ. ಹಾಯ್ದರಿ ಎಂಬುದು ಬೆಳ್ಳುಳ್ಳಿ, ಪುದೀನ ಹಾಕಿದ ಗಟ್ಟಿ ಮೊಸರು. ಅತ್ತೆಯವರು ಇದನ್ನು ನೀರು ಹಾಕಲು ಮರೆತ ತಂಬುಳಿ ಎಂದರು. ಸುಟ್ಟ ಬದನೆಕಾಯಿಯ ಗೊಜ್ಜು ನಮ್ಮದೇ, ಒಗ್ಗರಣೆ ಮಾತ್ರ ಇಲ್ಲ. ಟೊಮೆಟೊ, ಮೆಣಸು ಕೊಚ್ಚಿ ಮಾಡಿದ ಖಾರದ ಎಜ್ಮೆ ಬ್ರೆಡ್ಡಿಗೆ ಚೆನ್ನಾಗಿ ಹೊಂದುತ್ತದೆ. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ಸರ್ಮಾ ತಣ್ಣಗೆ, ಆಲಿವ್ ಎಣ್ಣೆಯಲ್ಲಿ ಬಂದರೆ ಸಾಮಾನ್ಯವಾಗಿ ಸಸ್ಯಾಹಾರ, ಬಿಸಿಯಾಗಿ ಬಂದರೆ ಒಳಗೆ ಖೀಮಾ ಇರುವ ಸಾಧ್ಯತೆ ಹೆಚ್ಚು. ಪತ್ರೊಡೆ ತಿಂದು ಬೆಳೆದವರಿಗೆ ಎಲೆಯಲ್ಲಿ ಅಕ್ಕಿ ಸುತ್ತುವುದನ್ನು ವಿವರಿಸಬೇಕಾಗಿಲ್ಲ. ಚಟ್ನಿಪುಡಿಯ ಡಬ್ಬಿ ಕೈಚೀಲದಲ್ಲಿರಲಿ, ಯಾರೂ ತಕರಾರು ಮಾಡಲಿಲ್ಲ.

ಒಂದು ಪ್ರಸಂಗ ಹೇಳಲೇಬೇಕು. ಪಕ್ಕದ ಮೇಜಿನವರು ಎತ್ತರದ ಗಾಜಿನ ಲೋಟದಲ್ಲಿ ಬೆಳ್ಳಗಿನದ್ದೇನನ್ನೋ ಕುಡಿಯುತ್ತಿದ್ದರು. ಮಾವ ಅದನ್ನು ತೋರಿಸಿ ‘ನಮಗೂ ಮಜ್ಜಿಗೆ ಕೊಡು’ ಎಂದು ಸನ್ನೆ ಮಾಡಿದರು. ಪರಿಚಾರಕ ಹುಡುಗ ಮೆಚ್ಚುಗೆಯಿಂದ ತಲೆಯಾಡಿಸಿ ತಂದಿಟ್ಟದ್ದು ರಾಕಿ, ಸೋಂಪಿನ ಘಾಟಿನ ಮದ್ಯ. ಮೊದಲು ನೀರಿನಂತೆ ತಿಳಿಯಾಗಿರುತ್ತದೆ, ನೀರು ಬೆರೆಸಿದೊಡನೆ ಹಾಲಿನಂತಾಗುತ್ತದೆ. ಅಲ್ಲಿ ಅದಕ್ಕೆ ಸಿಂಹದ ಹಾಲು ಎಂಬ ಅಡ್ಡಹೆಸರಿದೆ. ಮಜ್ಜಿಗೆಗೆ ಆಯ್ರಾನ್ ಎನ್ನಬೇಕು. ಮಾವ ಮೂಸಿ ನೋಡಿ ಕೆಳಗಿಟ್ಟರು, ಆದರೆ ತಂದದ್ದು ತಂದದ್ದೇ, ಬಿಲ್ಲಿನಲ್ಲಿ ಸೇರಿತು. ನಮ್ಮ ಟಿಕೆಟ್ ಮದ್ಯವಿಲ್ಲದ್ದು, ಅಗ್ಗ. ಯಾವ ಪಾನೀಯ ಸೇರಿದೆ, ಯಾವುದಕ್ಕೆ ಬೇರೆ ಹಣ ಎಂಬುದನ್ನು ಕುಳಿತ ಕೂಡಲೇ ಕೇಳಿಕೊಳ್ಳಿ.

ಈಗ ನೃತ್ಯ. ಮೊದಲಿಗೆ ಬಂದದ್ದು ಸೆಮಾ, ಬಿಳಿಯ ನಿಲುವಂಗಿಯ ದರ್ವೇಶಿ, ಅಂದರೆ ಸೂಫಿ ಸಾಧಕ, ತಿರುಗುವುದು. ಇದು ನನಗೆ ಎರಡೂ ಸಲ ಹಿಡಿಸಲಿಲ್ಲ. ಕಾರಣ ಆ ಕಲಾವಿದನಲ್ಲ. ಸೆಮಾ ನೃತ್ಯವೇ ಅಲ್ಲ, 1273ರಲ್ಲಿ ಕೊನ್ಯಾದಲ್ಲಿ ತೀರಿಕೊಂಡ ಸೂಫಿ ಕವಿ ರೂಮಿಯ ಹೆಸರಿನಲ್ಲಿ ನಡೆದು ಬಂದ ಮೆವ್ಲೆವಿ ಪಂಥದ ಪ್ರಾರ್ಥನೆ. ತಲೆಯ ಮೇಲಿನ ಉದ್ದನೆಯ ಟೋಪಿ ತನ್ನ ಅಹಂಕಾರದ ಗೋರಿಕಲ್ಲು, ಬಿಳಿಯ ಅಂಗಿ ಅದರ ಕಫನು, ಶವಕ್ಕೆ ಹೊದಿಸುವ ಬಟ್ಟೆ. ಬಲ ಅಂಗೈ ಆಕಾಶಕ್ಕೆ, ಎಡ ಅಂಗೈ ಭೂಮಿಗೆ. 1925ರಲ್ಲಿ ಗಣರಾಜ್ಯ ಸೂಫಿ ಮಠಗಳನ್ನೆಲ್ಲ ಮುಚ್ಚಿತು. 1950ರ ದಶಕದಲ್ಲಿ ಕೊನ್ಯಾದಲ್ಲಿ ಸಾಂಸ್ಕೃತಿಕ ಕಾರ್ಯಕ್ರಮವೆಂಬ ಹೆಸರಿನಲ್ಲಿ ಇದು ಮತ್ತೆ ಹೊರಬಂತು. ಅಂಥದ್ದನ್ನು ಚಮಚ-ತಟ್ಟೆಗಳ ಸದ್ದಿನ ನಡುವೆ ಐದು ನಿಮಿಷದಲ್ಲಿ ಮುಗಿಸಿ ಚಪ್ಪಾಳೆ ಕೇಳುತ್ತಾರೆ. ಹೋಟೆಲಿನ ಊಟದ ಕೋಣೆಯಲ್ಲಿ ಭೂತದ ಕೋಲ ಕಟ್ಟಿದರೆ ನಮ್ಮ ಕರಾವಳಿಯವರಿಗೆ ಹೇಗಾಗುತ್ತದೋ ಹಾಗೆ ಆಯಿತು. ಸೆಮಾ ನೋಡುವ ಮನಸ್ಸಿದ್ದರೆ ಬೇರೆ ಸಂಜೆ ಇಟ್ಟುಕೊಳ್ಳಿ. ಗಲಾತಾದಲ್ಲಿ 1491ರಲ್ಲಿ ಸ್ಥಾಪನೆಯಾದ ಮೆವ್ಲೆವಿ ಮಠ ಈಗ ವಸ್ತುಸಂಗ್ರಹಾಲಯ, ಅಲ್ಲಿ ನಡೆಯುವ ಸೆಮಾದ ದಿನಗಳನ್ನು ವಿಚಾರಿಸಿ. ಅಲ್ಲಿ ಯಾರೂ ಊಟ ಮಾಡುವುದಿಲ್ಲ.

ಜನಪದ ಕುಣಿತಗಳು ಮಾತ್ರ ಚೆನ್ನಾಗಿದ್ದವು. ಏಜಿಯನ್ ಸೀಮೆಯ ಜೇಯ್ಬೆಕ್‌ನಲ್ಲಿ ಗಂಡಸರು ಹದ್ದಿನಂತೆ ತೋಳು ಬಿಚ್ಚಿ, ಅವಸರವೇ ಇಲ್ಲದೆ ಒಂದೊಂದೇ ಹೆಜ್ಜೆ ಇಟ್ಟು, ಮೊಣಕಾಲನ್ನು ನೆಲಕ್ಕೆ ಮುಟ್ಟಿಸಿ ಏಳುತ್ತಾರೆ. ಯಕ್ಷಗಾನದಲ್ಲಿ ರಾಜವೇಷ ರಂಗಕ್ಕೆ ಬರುವಾಗಿನ ಗತ್ತು ಅದು. ಸಂಗೀತ ಕಲಿತಿರುವ ಅತ್ತೆಯವರು ತೊಡೆಯ ಮೇಲೆ ತಾಳ ಹಾಕುತ್ತ ‘ಆದಿಯೂ ಅಲ್ಲ, ರೂಪಕವೂ ಅಲ್ಲ, ಒಂಬತ್ತು ಬರುತ್ತಿದೆ’ ಎಂದರು. ಸರಿಯಾಗಿಯೇ ಎಣಿಸಿದ್ದರು, ಜೇಯ್ಬೆಕ್ ಒಂಬತ್ತರ ಎಣಿಕೆಯದ್ದು. ಕಪ್ಪು ಸಮುದ್ರದ ಕಡೆಯ ಹೊರೊನ್‌ನಲ್ಲಿ ಇದಕ್ಕೆ ತದ್ವಿರುದ್ಧ, ಬಲೆಯಲ್ಲಿ ಸಿಕ್ಕ ಮೀನಿನಂತೆ ಮೈಯೆಲ್ಲ ನಡುಗಿಸುತ್ತಾರೆ. ಸಾಲಾಗಿ ಕೈ ಹಿಡಿದು ಕುಣಿಯುವ ಹಾಲಾಯ್‌ಗೆ ದಾವುಲ್ ಮತ್ತು ಜುರ್ನಾ ಎಂಬ ವಾದ್ಯಗಳು. ದಾವುಲ್ ನಮ್ಮ ಡೊಳ್ಳಿನ ಜಾತಿಯದು, ಒಂದು ಮುಖಕ್ಕೆ ದಪ್ಪ ಕೋಲು, ಇನ್ನೊಂದಕ್ಕೆ ಸಣ್ಣ ಕಡ್ಡಿ. ಜುರ್ನಾ ನಾಗಸ್ವರದ ಗಿಡ್ಡ ತಮ್ಮ. ಮುಚ್ಚಿದ ಹಡಗಿನೊಳಗೆ ಇವೆರಡೂ ಸೇರಿದರೆ ಕಿವಿ ಗುಂಯ್ ಎನ್ನುತ್ತದೆ, ಬಯಲಿನ ವಾದ್ಯ ಅವು. ಅಮ್ಮನಿಗೆ ತಲೆನೋವಿನ ತೊಂದರೆ ಇದ್ದರೆ ಹತ್ತಿ ಇಟ್ಟುಕೊಂಡಿರಿ.

ಮದುವೆಯ ಹಿಂದಿನ ರಾತ್ರಿಯ ಮದರಂಗಿ ಶಾಸ್ತ್ರವನ್ನೂ ಆಡಿ ತೋರಿಸಿದರು. ಕೆಂಪು ಮುಸುಕಿನ ಮದುಮಗಳು ನಡುವೆ ಕುಳಿತಿರುತ್ತಾಳೆ, ಹುಡುಗಿಯರು ಮೋಂಬತ್ತಿ ಹಿಡಿದು ಸುತ್ತುತ್ತಾರೆ. ಅವಳು ಮುಷ್ಟಿ ಬಿಚ್ಚುವುದಿಲ್ಲ; ಅತ್ತೆಯಾಗುವವಳು ಅಂಗೈಯಲ್ಲಿ ಚಿನ್ನದ ನಾಣ್ಯ ಇಟ್ಟ ಮೇಲೆಯೇ ಮದರಂಗಿ. ಇದನ್ನು ವಿವರಿಸಿದಾಗ ನಮ್ಮತ್ತೆ ‘ಸದ್ಯ, ನಿನಗೆ ಆಗ ಗೊತ್ತಿರಲಿಲ್ಲ’ ಎಂದು ನನ್ನ ಕೈ ಹಿಡಿದು ನಕ್ಕರು. ಇಡೀ ಸಂಜೆಯಲ್ಲಿ ಅವರಿಗೆ ಹೆಚ್ಚು ಇಷ್ಟವಾದದ್ದು ಅದೇ.

ಬೆಲ್ಲಿ ಡ್ಯಾನ್ಸ್ ಬಗ್ಗೆ ನಿಮ್ಮ ಆತಂಕ ನನಗೂ ಇತ್ತು. ತುರ್ಕರು ಅದನ್ನು ಕರೆಯುವುದು ‘ಓರ್ಯಾಂತಾಲ್’ ಎಂದು, ಫ್ರೆಂಚಿನಿಂದ ಬಂದ ಪದ, ಪೂರ್ವದ್ದು ಎಂದರ್ಥ. ತಾವೇ ಪೂರ್ವದಲ್ಲಿ ಕುಳಿತು ಇನ್ನೊಬ್ಬರ ಕಣ್ಣಿನಿಂದ ಇಟ್ಟ ಹೆಸರು. ಸಾಂಪ್ರದಾಯಿಕ ಎಂಬ ಜಾಹೀರಾತಿನ ಮಾತನ್ನು ಅಷ್ಟಕ್ಕೇ ತೆಗೆದುಕೊಳ್ಳಿ. ಉಡುಪು ತುಂಡಾಗಿರುತ್ತದೆ, ನರ್ತಕಿ ಮೇಜುಗಳ ನಡುವೆ ಬರುತ್ತಾಳೆ, ಮುಂದಿನ ಸಾಲಿನ ಗಂಡಸರನ್ನು ಎಬ್ಬಿಸುತ್ತಾಳೆ, ಅವರಿಂದ ನೋಟು ನಿರೀಕ್ಷಿಸುತ್ತಾಳೆ. ಬಾಗಿಲಿನ ಪಕ್ಕದ ಮೇಜಿನವರೆಗೆ ಸಾಮಾನ್ಯವಾಗಿ ಬರುವುದಿಲ್ಲ. ಮಾವನನ್ನು ಹೊರಗೆ ಕರೆದುಕೊಂಡು ಹೋಗಿ ನಾನು ಜಾಣತನ ಮಾಡಿದೆ ಎಂದುಕೊಂಡಿದ್ದೆ. ಒಳಗೆ ಬಂದು ನೋಡಿದರೆ ಅತ್ತೆಯವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ‘ನನ್ನ ಸೊಂಟ ಬಗ್ಗಿದರೆ ಏಳುವುದಿಲ್ಲ, ಅವಳದ್ದು ನೋಡು. ಹೊಟ್ಟೆ ಕುಣಿಸುವುದು ಅವಳು, ಹೊಟ್ಟೆಕಿಚ್ಚು ನನಗೆ’ ಎಂದರು. ಹಿರಿಯರಿಗೆ ಮುಜುಗರವಾಗುತ್ತದೆಂದು ನಾವೇ ಮುಜುಗರ ಪಡುತ್ತೇವೆ, ಅಷ್ಟೇ.

ಮರಳುವ ದಾರಿಯಲ್ಲಿ ಏಷ್ಯಾದ ದಡ. ಬೆಯ್ಲೆರ್‌ಬೆಯಿ ಅರಮನೆ ದಾಟಿ ಉಸ್ಕುದಾರ್ ಬಂದಾಗ ಎಲ್ಲರನ್ನೂ ಎಬ್ಬಿಸಿ ಹೊರಗೆ ಕರೆತನ್ನಿ, ನೀರಿನ ನಡುವೆ ಪುಟ್ಟ ಕಿಜ್ ಕುಲೆಸಿ, ಕನ್ಯೆಯ ಗೋಪುರ, ಕಾಣುತ್ತದೆ. ಮಗಳು ಹಾವು ಕಚ್ಚಿ ಸಾಯುತ್ತಾಳೆ ಎಂಬ ಭವಿಷ್ಯ ಕೇಳಿ ರಾಜ ಅವಳನ್ನು ಸಮುದ್ರದ ನಡುವಿನ ಗೋಪುರದಲ್ಲಿ ಇಟ್ಟನಂತೆ, ಹಣ್ಣಿನ ಬುಟ್ಟಿಯಲ್ಲಿ ಹಾವು ಬಂದೇ ಬಂತಂತೆ. ನಾನು ಕಥೆ ಮುಗಿಸುವ ಮೊದಲೇ ಮಾವ ‘ಇದು ಪರೀಕ್ಷಿತನ ಕಥೆ’ ಎಂದರು. ಒಂಟಿ ಕಂಬದ ಉಪ್ಪರಿಗೆ, ಹಣ್ಣಿನೊಳಗಿನ ತಕ್ಷಕ. ಅತ್ತೆಗೆ ಮಾತ್ರ ಒಂದೇ ಸಂಶಯ: ‘ಹಣ್ಣು ತೊಳೆದು ಕೊಡುವವರು ಯಾರೂ ಇರಲಿಲ್ಲವೇ?’

ಇನ್ನುಳಿದದ್ದು ಚಿಲ್ಲರೆ ವಿಷಯ. ಹೋಟೆಲಿನಿಂದ ಕರೆದೊಯ್ಯುವ ವ್ಯಾನ್ ಹತ್ತು ಕಡೆ ನಿಲ್ಲುತ್ತದೆ. ಸುಲ್ತಾನಹ್‌ಮೆತ್‌ನಲ್ಲಿ ಉಳಿದಿದ್ದರೆ ಹೋಗುವಾಗ ಟ್ರಾಮ್ ಹಿಡಿಯಿರಿ, ಕೊನೆಯ ನಿಲ್ದಾಣವೇ ಕಬಾತಾಶ್. ಬರುವಾಗ ಮಧ್ಯರಾತ್ರಿಯಾಗುತ್ತದೆ, ಆಗ ವ್ಯಾನ್ ಬೇಕು. ಶೌಚಾಲಯ ಹಲವು ಹಡಗುಗಳಲ್ಲಿ ಮೆಟ್ಟಿಲಿಳಿದು ಕೆಳಗೆ, ಮಂಡಿನೋವಿನವರಿಗೆ ಕಷ್ಟ. ಮೇಲಿನ ಡೆಕ್‌ನಲ್ಲಿ ಗಾಳಿ ಕೊರೆಯುತ್ತದೆ, ಶಾಲು, ಸ್ವೆಟರ್ ಇರಲಿ. ದಕ್ಷಿಣದಿಂದ ಲೋದೊಸ್ ಗಾಳಿ ಎದ್ದ ದಿನ ಹಡಗು ಓಲಾಡುತ್ತದೆ, ಫೆರಿಗಳೇ ನಿಲ್ಲುವುದುಂಟು; ಅಂದು ದಿನ ಬದಲಿಸಿಕೊಳ್ಳಿ. ಕೊನೆಯ ಅರ್ಧ ಗಂಟೆ ದೇಶದ ಹೆಸರು ಕೂಗಿ ಕೂಗಿ ಹಾಡು ಹಾಕುತ್ತಾರೆ, ನಮಗೆ ಹಿಂದಿ ಸಿನಿಮಾದ ಹಾಡು ಬಂತು. ಅದು ಡೆಕ್‌ನಲ್ಲಿ ಕಳೆಯಲು ಒಳ್ಳೆಯ ಸಮಯ.

ಬಜೆಟ್ ಬಿಗಿಯಾಗಿದ್ದರೆ ಇದನ್ನು ಬಿಟ್ಟುಬಿಡಿ. ಮುಸ್ಸಂಜೆಯ ಹೊತ್ತಿಗೆ ಎಮಿನೊನುವಿನಿಂದ ಉಸ್ಕುದಾರ್ ಅಥವಾ ಕದಿಕೊಯ್‌ಗೆ ಸಾರ್ವಜನಿಕ ಫೆರಿ ಹತ್ತಿ, ಹೊರಗಿನ ಬೆಂಚಿನ ಮೇಲೆ ಕುಳಿತು ಒಂದು ಚಹಾ, ಒಂದು ಎಳ್ಳಿನ ಸಿಮಿತ್ ತೆಗೆದುಕೊಳ್ಳಿ. ಇಪ್ಪತ್ತು ನಿಮಿಷ. ನಗರದ ಜನ ಕೆಲಸ ಮುಗಿಸಿ ಮನೆಗೆ ಹೋಗುತ್ತಿರುತ್ತಾರೆ, ಕಡಲಕಾಗೆಗಳು ಹಿಂದೆಯೇ ಹಾರಿ ಬರುತ್ತವೆ. ಕೋಟೆ ಕಾಣದು, ಕುಣಿತ ಇರದು, ನನಗೇನೋ ಅದೇ ಹೆಚ್ಚು ಇಷ್ಟ. ಆದರೆ ಅತ್ತೆಗೆ ಫೆರಿ ನೆನಪೇ ಇಲ್ಲ, ಜೇಯ್ಬೆಕ್‌ನ ಒಂಬತ್ತು ಎಣಿಕೆ ಇನ್ನೂ ನೆನಪಿದೆ.

ಕೊನೆಗೊಂದು. ಹತ್ತುವಾಗ ಮತ್ತು ಊಟದ ನಡುವೆ ಒಬ್ಬ ಫೋಟೋ ತೆಗೆಯುತ್ತಾನೆ, ಇಳಿಯುವ ಹೊತ್ತಿಗೆ ಅದನ್ನು ಚೌಕಟ್ಟು ಹಾಕಿ ಮೇಜಿನ ಮೇಲೆ ತಂದಿಡುತ್ತಾನೆ. ಕೊಳ್ಳಲೇಬೇಕೆಂದಿಲ್ಲ. ಚೌಕಾಸಿ ಮಾಡಿದರೆ ಹೇಳಿದ್ದರ ಅರ್ಧಕ್ಕೆ ಇಳಿಯುತ್ತಾನೆ, ನಾವು ಹಾಗೆಯೇ ತಂದೆವು. ಈಗ ಅದು ಮನೆಯ ಟಿವಿಯ ಮೇಲಿದೆ. ಅದರಲ್ಲಿ ನಾನಿದ್ದೇನೆ, ಅತ್ತೆ ಇದ್ದಾರೆ, ರಾಕಿಯ ಲೋಟವೂ ಇದೆ. ಮಾವನ ಕುರ್ಚಿ ಖಾಲಿ, ಅವರು ಹಡಗು ನೋಡಲು ಹೊರಗೆ ಹೋಗಿದ್ದರು.